ಕಡಲ ನೀರಲ್ಲಿ ತೊಳೆದ ಫಿಲ್ಮು

ಲಾನ್ಸೆಸ್ಟನ್, ಟಾಸ್ಮೇನಿಯಾ
ಮೇ 3, 1956

ಶ್ರೀ ಆಲ್ಬನ್ ಫರ್ನೆಲ್ ಅವರಿಗೆ,
ದೀಪಸ್ತಂಭ, ಹ್ಯಾಲೊರನ್ ದ್ವೀಪ

ನೀವು ಕಳಿಸಿದ ಎರಡು ಫಿಲ್ಮ್ ಸುರುಳಿ ತಲುಪಿದವು. ತೊಳೆದು, ಪ್ರಿಂಟ್ ಹಾಕಿ ಈ ಕಾಗದದ ಜೊತೆ ಇಟ್ಟಿದ್ದೇನೆ. ನೋಡಿದರೆ ನಿಮಗೂ ನನ್ನಷ್ಟೇ ಬೇಸರವಾಗುತ್ತದೆ. ಹಕ್ಕಿ ಯಾವುದು, ಬಂಡೆ ಯಾವುದು ತಿಳಿಯುವುದಿಲ್ಲ. ಬೆಳಕು ಎಷ್ಟು ಹೆಚ್ಚಾಗಿ ಬಿದ್ದಿದೆ ಎಂದರೆ ನೆಗೆಟಿವ್ ಡಾಂಬರಿನ ಹಾಗೆ ಕಪ್ಪಗಿತ್ತು. ಪ್ರಿಂಟ್ ಹಾಕಲು ದೀಪದ ಕೆಳಗೆ ಒಂದೊಂದನ್ನೂ ಒಂದೊಂದು ನಿಮಿಷ ಹಿಡಿದೆ. ಎರಡು ಕಡೆ ಫಿಲ್ಮ್ ಮುಂದಕ್ಕೆ ತಿರುಗಿಸುವುದನ್ನೇ ಮರೆತು ಒಂದರ ಮೇಲೊಂದು ಹೊಡೆದಿದ್ದೀರಿ.

ಆರು ವರ್ಷದಿಂದ ನಿಮ್ಮ ಫಿಲ್ಮ್ ತೊಳೆಯುತ್ತಿದ್ದೇನೆ. ಮುಖ ನೋಡಿಲ್ಲ, ಆದರೆ ಕೈ ಗೊತ್ತು. ಇದು ನಿಮ್ಮ ಕೈಯಲ್ಲ. ಕ್ಯಾಮೆರಾವನ್ನು ಹೆಂಡತಿಗೆ ಕೊಟ್ಟಿದ್ದರೆ ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ತಮಾಷೆಗೆ ಹೇಳಿದೆ, ಆಕೆಗೆ ಹೇಳಬೇಡಿ.

ಇತಿ,
ಮರ್ವಿನ್ ಟೆಗ್
ಕತ್ತಲೆಕೋಣೆಯಿಂದ

*

ಹ್ಯಾಲೊರನ್ ದ್ವೀಪ
ಮೇ 27, 1956

ಶ್ರೀ ಟೆಗ್ ಅವರಿಗೆ,

ಪ್ರಿಂಟ್‌ಗಳು ಬಂದವು. ನನ್ನ ಬಲಗೈಗೆ ಪೆಟ್ಟಾಗಿದೆ, ಅದಕ್ಕೇ ಚಿತ್ರಗಳು ಅಲುಗಾಡಿವೆ. ಈ ಕಾಗದವನ್ನೂ ನನ್ನ ಹೆಂಡತಿ ಬರೆಯುತ್ತಿದ್ದಾಳೆ. ಇನ್ನೊಂದು ಸುರುಳಿ ಕಳಿಸಿದ್ದೇನೆ. ಇನ್ನು ಮುಂದೆ ಪ್ರಿಂಟ್ ಮಾತ್ರ ಕಳಿಸಿದರೆ ಸಾಕು, ಅಭಿಪ್ರಾಯ ಬರೆಯುವ ಶ್ರಮ ಬೇಡ.

ಇತಿ,
ಆಲ್ಬನ್ ಫರ್ನೆಲ್

*

ಲಾನ್ಸೆಸ್ಟನ್
ಜೂನ್ 14, 1956

ಶ್ರೀ ಫರ್ನೆಲ್ ಅವರಿಗೆ,

ಅಭಿಪ್ರಾಯ ಬೇಡವೆಂದರೆ ಬೇಡ. ಆದರೂ ಒಂದು ಮಾತು. ಕೈ ನಡುಗಿದರೆ ಚಿತ್ರ ಒಂದು ಥರ ಕೆಡುತ್ತದೆ, ದೂರ ಸರಿಯಾಗಿ ಇಡದಿದ್ದರೆ ಇನ್ನೊಂದು ಥರ. ಇದು ಎರಡನೆಯದು. ಹತ್ತಡಿಯಲ್ಲಿರುವ ಕೋಳಿಗೆ ಐವತ್ತಡಿ ಇಟ್ಟಿದ್ದೀರಿ. ಕಡಲಂತೂ ಎಡಕ್ಕೆ ವಾಲಿಕೊಂಡು ಚೆಲ್ಲಿಹೋಗುವ ಹಾಗಿದೆ.

ಕ್ಯಾಮೆರಾ ನನಗೆ ಕಳಿಸಿ, ಬಿಚ್ಚಿ ನೋಡುತ್ತೇನೆ. ಎಂಟರಲ್ಲಿ ಏಳು ಪ್ರಿಂಟ್ ಇಟ್ಟಿದ್ದೇನೆ. ಏಳನೇ ಚಿತ್ರವೊಂದು ಬಾಕಿ, ಪ್ರಿಂಟ್ ಹಾಕುವ ಕಾಗದ ಮುಗಿದಿತ್ತು, ಆಮೇಲೆ ಕಳಿಸುತ್ತೇನೆ.

ನಿಮ್ಮ ಕೈ ಬೇಗ ವಾಸಿಯಾಗಲಿ.

ಮರ್ವಿನ್ ಟೆಗ್

*

ಹ್ಯಾಲೊರನ್ ದ್ವೀಪ
ಜುಲೈ 9, 1956

ಶ್ರೀ ಟೆಗ್ ಅವರಿಗೆ,

ನಾನು ಆಲ್ಬನ್‌ನ ಹೆಂಡತಿ ಐಲ್ಸಾ ಫರ್ನೆಲ್. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಚಿತ್ರಗಳನ್ನು ತೆಗೆದವಳು ನಾನು. ನಿಮ್ಮ ಊಹೆ ಸರಿ. ಆಲ್ಬನ್‌ನನ್ನು ಬಯ್ಯಬೇಡಿ.

ಒಂದು ಕೇಳಿಕೆ ಇದೆ. ಫಿಲ್ಮ್ ತೊಳೆಯುವುದನ್ನು ನನಗೆ ಕಾಗದದಲ್ಲೇ ಹೇಳಿಕೊಡಬಹುದೇ? ದೋಣಿ ಬರುವುದು ಹದಿನೈದು ದಿನಕ್ಕೊಮ್ಮೆ, ಅದೂ ಗಾಳಿ ಬಿಟ್ಟರೆ. ಇಲ್ಲೇ ತೊಳೆದರೆ ತಪ್ಪು ಎಲ್ಲಿ ಆಗಿದೆಯೆಂದು ಅವತ್ತೇ ಗೊತ್ತಾಗುತ್ತದೆ. ಬೇಕಾದ ಸಾಮಾನು ಕಳಿಸಿ. ಕಾಗದವನ್ನು ನನ್ನ ಹೆಸರಿಗೇ ಬರೆಯಿರಿ.

ಉತ್ತರ ತಡವಾದರೆ ತಪ್ಪು ತಿಳಿಯಬೇಡಿ. ನಮ್ಮ ಸಹಾಯಕ ಕಾವಲುಗಾರ ಮಾರ್ಚ್‌ನಲ್ಲಿ ಕಾಯಿಲೆ ಬಿದ್ದು ಊರಿಗೆ ಹೋದ. ಬದಲಿ ಬರುವ ತನಕ ಅವನ ಪಾಳಿ ನನ್ನದು. ದೀಪ, ಕೋಳಿ, ಅಡುಗೆ, ಹವಾಮಾನದ ಲೆಕ್ಕ ಎಲ್ಲ ಮುಗಿಸಿ ಪೆನ್ನು ಹಿಡಿದರೆ ಅಕ್ಷರಗಳು ಕಾಗದದಿಂದ ಕೆಳಗೆ ಇಳಿದು ಹೋಗುತ್ತವೆ.

ಐಲ್ಸಾ ಫರ್ನೆಲ್

*

ಲಾನ್ಸೆಸ್ಟನ್
ಜುಲೈ 25, 1956

ಶ್ರೀಮತಿ ಫರ್ನೆಲ್ ಅವರಿಗೆ,

ತೊಳೆಯುವ ಡಬ್ಬಿ, ಅದರೊಳಗಿನ ಸುರುಳಿಚಕ್ರ, ಚಿತ್ರ ಮೂಡಿಸುವ ಡೆವಲಪರ್ ಪುಡಿ, ಮೂಡಿದ್ದನ್ನು ಉಳಿಸುವ ಹೈಪೋ, ಉಷ್ಣಮಾಪಕ ಎಲ್ಲ ಪೆಟ್ಟಿಗೆಯಲ್ಲಿವೆ. ಇವು ನನ್ನ ಹಳೆಯ ಸಾಮಾನು, ಮೂಲೆಯಲ್ಲಿ ಬಿದ್ದಿದ್ದವು. ಇಟ್ಟುಕೊಳ್ಳಿ.

ಮೊದಲು ಕತ್ತಲೆ ಮಾಡಿಕೊಳ್ಳಿ. ಉಗ್ರಾಣದ ಬಾಗಿಲಿಗೆ ಎರಡು ಕಂಬಳಿ ಹೊಡೆದು ಒಳಗೆ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಐದು ನಿಮಿಷದ ಮೇಲೂ ನಿಮ್ಮ ಕೈ ನಿಮಗೆ ಕಂಡರೆ ಎಲ್ಲೋ ಬೆಳಕು ಸೋರುತ್ತಿದೆ, ಎದ್ದು ಮುಚ್ಚಿ. ಆಮೇಲೆ ಫಿಲ್ಮಿನ ಬೆನ್ನಿಗಿರುವ ಕಾಗದ ಬಿಡಿಸಿ, ಫಿಲ್ಮನ್ನು ಅಂಚಿನಲ್ಲಿ ಮಾತ್ರ ಹಿಡಿದು ಚಕ್ರದ ಸಂದಿಗೆ ಸೇರಿಸಿ. ಇದೊಂದೇ ಕಷ್ಟದ ಕೆಲಸ. ಒತ್ತಿದರೆ ಮಡಚುತ್ತದೆ, ಬಿಟ್ಟರೆ ಜಾರುತ್ತದೆ. ಹಾಳಾದ ಒಂದು ಫಿಲ್ಮ್ ಕಳಿಸಿದ್ದೇನೆ, ಮೊದಲು ಹಗಲಿನಲ್ಲಿ ಅದರ ಮೇಲೆ ಅಭ್ಯಾಸ ಮಾಡಿ. ಡಬ್ಬಿಯ ಮುಚ್ಚಳ ಬಿಗಿದ ಮೇಲೆ ಬೆಳಕಿಗೆ ಬರಬಹುದು.

ಡೆವಲಪರ್ ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ನಿಮ್ಮಲ್ಲಿ ನೀರು ತಣ್ಣಗಿರುತ್ತದೆ, ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ಕಾಯಿಸಿ. ಹನ್ನೊಂದು ನಿಮಿಷ, ನಿಮಿಷಕ್ಕೊಮ್ಮೆ ಡಬ್ಬಿಯನ್ನು ಮೆಲ್ಲಗೆ ಬಗ್ಗಿಸಿ ಎತ್ತಿ. ಸುರಿದು, ನೀರಾಡಿಸಿ, ಹೈಪೋ ಹತ್ತು ನಿಮಿಷ. ಕೊನೆಗೆ ಅರ್ಧ ಗಂಟೆ ಹರಿಯುವ ನೀರಿನಲ್ಲಿ ತೊಳೆಯಬೇಕು. ಮಳೆನೀರಿನ ತೊಟ್ಟಿ ನಂಬಿಕೊಂಡವರಿಗೆ ಅದಾಗದು. ಕಡಲ ನೀರಿನಲ್ಲಿ ತೊಳೆಯಿರಿ. ಉಪ್ಪುನೀರಿಗೆ ಹೈಪೋ ಬೇಗ ಬಿಟ್ಟುಕೊಡುತ್ತದೆ. ಯುದ್ಧದಲ್ಲಿ ಹಡಗಿನ ಮೇಲೆ ನಾವು ಹಾಗೇ ಮಾಡುತ್ತಿದ್ದೆವು. ಕಡೆಯಲ್ಲಿ ಎರಡು ಚೆಂಬು ಸಿಹಿನೀರು ಹಾಕಿ ಉಪ್ಪು ತೆಗೆದರೆ ಆಯಿತು.

ನನಗೆ ಸಂಬಂಧಿಸದ ಒಂದು ವಿಷಯ ಬರೆಯುತ್ತೇನೆ. ನನ್ನ ಅಪ್ಪ ಕುಡಿಯುತ್ತಿದ್ದ. ಅಪ್ಪನ ತಪ್ಪುಗಳನ್ನೆಲ್ಲ ಅಮ್ಮ ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಳು. "ಬಾಗಿಲು ಒಡೆದದ್ದು ನಾನೇ, ಗಾಳಿಗೆ ಹೊಡ್ಕೊಳ್ತು" ಅನ್ನುತ್ತಿದ್ದಳು. ಕೈಗೆ ಪೆಟ್ಟಾಗಿದೆ ಅನ್ನುವ ಗಂಡಸರನ್ನೂ, ನಾನೇ ಮಾಡಿದ್ದು ಅನ್ನುವ ಹೆಂಗಸರನ್ನೂ ನಾನು ಬಲ್ಲೆ. ದೀಪ ಕಾಯುವ ಕಡೆ ಬಾಟಲಿ ಇರಬಾರದು. ಇಷ್ಟೇ. ಮತ್ತೆ ಈ ಮಾತು ಎತ್ತುವುದಿಲ್ಲ.

ಮರ್ವಿನ್ ಟೆಗ್

*

ಹ್ಯಾಲೊರನ್ ದ್ವೀಪ
ಆಗಸ್ಟ್ 30, 1956

ಶ್ರೀ ಟೆಗ್ ಅವರಿಗೆ,

ಆಲ್ಬನ್ ಕುಡಿಯುವುದಿಲ್ಲ. ಕ್ರಿಸ್‌ಮಸ್‌ಗೆ ಕೊಟ್ಟ ಬ್ರಾಂದಿಯನ್ನು ಪುಡಿಂಗ್‌ಗೆ ಸುರಿಯುವವನು ಅವನು. ಕುಡಿತವಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಬಾಟಲಿ ತೆಗೆದು ಕಡಲಿಗೆ ಎಸೆಯಬಹುದಿತ್ತು. ನಿಮ್ಮ ಮನಸ್ಸಿನಲ್ಲಿ ಅವನು ಕುಡುಕನಾಗಿ ಉಳಿಯುವುದು ನನಗೆ ಬೇಡ. ಅದಕ್ಕೇ ನಿಜ ಬರೆಯುತ್ತೇನೆ.

ಅವನ ಕಣ್ಣು ಹೋಗುತ್ತಿದೆ. ಎರಡು ವರ್ಷದಿಂದ. ಮೊದಲು ದೀಪದ ಸುತ್ತ ಬಣ್ಣದ ಉಂಗುರ ಕಾಣುತ್ತದೆ ಅಂದ. ಆಮೇಲೆ ಪಕ್ಕದಲ್ಲಿದ್ದ ಬಕೆಟ್ಟು ಎಡವಿದ. ಈಗ ಕೊಳವೆಯೊಳಗಿಂದ ನೋಡಿದಂತೆ ನಡುವೆ ಒಂದಿಷ್ಟು ಕಾಣುತ್ತದೆಯಂತೆ. ಕ್ಯಾಮೆರಾದ ಸಣ್ಣ ಅಂಕಿಗಳು ಕಾಣುವುದಿಲ್ಲ. ಬೆರಳಲ್ಲಿ ಅಂದಾಜು ಮಾಡಿ ತಿರುಗಿಸಿ, ಹಕ್ಕಿ ಕೂಗಿದ ಕಡೆಗೆ ಹಿಡಿದು ಒತ್ತುತ್ತಾನೆ. ಫೆಬ್ರವರಿಯಿಂದ ಅವನ ಪಾಳಿಯೂ ನನ್ನದೇ.

ನೀವು ಅವನಿಗೆ ಬರೆದ ಬೈಗುಳವನ್ನೆಲ್ಲ ನಾನು ಹೊಗಳಿಕೆ ಮಾಡಿ ಓದಿದೆ. "ಅದ್ಭುತ ಫರ್ನೆಲ್, ಆಲ್ಬಟ್ರಾಸ್‌ನ ರೆಕ್ಕೆಯ ಒಂದೊಂದು ಗರಿಯೂ ಎಣಿಸಬಹುದು" ಎಂದು ಓದಿದೆ. ಅವನು ಪ್ರಿಂಟನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚು ಸವರಿದ. ಪಟ್ಟಣದಲ್ಲಿ ಇನ್ನು ಯಾರೂ ಈ ಫಿಲ್ಮ್ ನೋಡಬಾರದು ಎಂದೇ ನಾನು ತೊಳೆಯುವುದನ್ನು ಕಲಿಯಲು ಹೊರಟಿದ್ದು.

ಉಗ್ರಾಣದಲ್ಲಿ ಕಂಬಳಿ ಹೊಡೆದು ಕೂತೆ. ಫಿಲ್ಮ್ ಚಕ್ರಕ್ಕೆ ಹತ್ತಲೇ ಇಲ್ಲ. ಅರ್ಧ ಗಂಟೆ ಒದ್ದಾಡಿದೆ. ಬೆವರಿದ ಕೈಗೆ ಫಿಲ್ಮ್ ಅಂಟಿತು. ನನ್ನ ಬಾಯಿಂದ ಏನೇನು ಬಂತೋ, ಹೊರಗೆ ಆಲ್ಬನ್ ಬಂದು ನಿಂತ.

"ಯಾರನ್ನೇ ಬೈತಿದ್ದೀಯ?"

"ನಿನ್ನ ಟೆಗ್‌ನ. ಈ ಹಾಳು ಚಕ್ರನ ಯಾವ ಸೈತಾನ ಮಾಡಿದ್ನೋ."

"ಬಾಗಿಲು ತೆಗಿ. ನಾನು ಒಳಗ್ ಬರ್ತೀನಿ."

"ತೆಗೆದ್ರೆ ಫಿಲ್ಮ್ ಹಾಳಾಗತ್ತೆ ಮಾರಾಯ!"

"ಹಾಳಾಗ್ಲಿ. ಇನ್ನೊಂದು ತಗೊಂಡ್ ಬಂದಿದೀನಿ."

ಒಳಗೆ ಬಂದು ಬಾಗಿಲು ಹಾಕಿ ನನ್ನ ಪಕ್ಕ ಕೂತ. ಕಾಗದ ಹರಿಯುವ ಸದ್ದಾಯಿತು. ಎರಡು ನಿಮಿಷವಾಗಿರಲಿಲ್ಲ, ಡಬ್ಬಿಯ ಮುಚ್ಚಳ ಬಿಗಿದುಕೊಂಡಿತು.

"ಆಯ್ತು. ಕತ್ತಲಲ್ಲಿ ನಾನು ನಿನಗಿಂತ ಹಳಬ, ಐಲ್ಸಾ."

ಎಷ್ಟು ಹಳಬ ಎಂದು ಆಗ ಕೇಳಿದೆ. ಎದುರು ಕೂತು ಕೇಳಲು ಆಗದ್ದನ್ನು ಅಲ್ಲಿ ಕೇಳುವುದು ಸುಲಭವಾಯಿತು. ಅವನು ಹೇಳಿದ. ನಾನು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಹೋಗಿಬಿಟ್ಟಿದೆ. ನನ್ನ ಮುಖ ಹೋದ ಚಳಿಗಾಲದಿಂದ ಕಂಡಿಲ್ಲವಂತೆ. ನಾನು ಅಳಲು ಶುರುಮಾಡಿದೆ. ಅವನು ನಕ್ಕ.

"ಟೆಗ್ ನನ್ನನ್ನ ಹೊಗಳೋಕೆ ಶುರು ಮಾಡಿದಾಗ್ಲೇ ಗೊತ್ತಾಯ್ತು ಕಣೇ, ಒಂದು ಚಿತ್ರಾನೂ ಬರ್ತಿಲ್ಲ ಅಂತ. ಆರು ವರ್ಷದಲ್ಲಿ ಆ ಮನುಷ್ಯ ಒಂದು ಒಳ್ಳೇ ಮಾತು ಬರೆದವನಲ್ಲ."

ಫಿಲ್ಮ್ ತೊಳೆದೆವು. ಚಿತ್ರವೆಲ್ಲ ಮಸಕು. ಆದರೆ ತೊಳೆದದ್ದು ಸರಿಯಾಗಿದೆ ಅನ್ನಿಸುತ್ತದೆ. ಫಿಲ್ಮಿನ ತುದಿಯ ಒಂದು ತುಂಡು ಕಳಿಸಿದ್ದೇನೆ, ನೋಡಿ ಹೇಳಿ.

ಯಾರಿಗೂ ಹೇಳಬೇಡಿ. ಇಲ್ಲಿ ಒಂದೊಂದು ಕಲ್ಲೂ ಅವನ ಕಾಲಿಗೆ ಗೊತ್ತು. ಊರಿಗೆ ಹೋದರೆ ಅವನು ಕುರುಡ.

ಐಲ್ಸಾ

*

ಲಾನ್ಸೆಸ್ಟನ್
ಸೆಪ್ಟೆಂಬರ್ 12, 1956

ಐಲ್ಸಾ ಅವರೇ,

ತುಂಡು ನೋಡಿದೆ. ತೊಳೆದದ್ದು ಸರಿಯಾಗಿದೆ.

ಕುಡಿತದ ಮಾತಿಗೆ ಕ್ಷಮೆ ಕೇಳುತ್ತೇನೆ. ಆಲ್ಬನ್ ಅವರಿಗೂ ನನ್ನ ಕ್ಷಮೆ ತಿಳಿಸಿ. ಈ ಸಲ ಬರೆದದ್ದನ್ನು ಬರೆದ ಹಾಗೇ ಓದಿ ಹೇಳಿ.

ಈಗ ನಾನು ಮುಚ್ಚಿಟ್ಟದ್ದನ್ನೂ ಹೇಳಬೇಕು. ನನ್ನ ತಂಗಿ ನಾರ್ಮಾಳ ಗಂಡ ಕೆನ್ ಸ್ಟಾನ್ಲಿಯಲ್ಲಿದ್ದಾನೆ. ಸಿಗಡಿ ದೋಣಿಯವನು. ನಿಮ್ಮ ಬಂಡೆಗಳ ಸುತ್ತಲೇ ಅವನು ಬುಟ್ಟಿ ಇಳಿಸುವುದು. ಅವನ ಜೊತೆ ಇನ್ನೂ ಮೂವರು. ನಿಮ್ಮ ದೀಪ ನೋಡಿಕೊಂಡೇ ಅವರು ಮನೆಗೆ ಬರುತ್ತಾರೆ. ನಿಮ್ಮ ಕಾಗದ ಓದಿದಾಗಿನಿಂದ ನಾರ್ಮಾಳ ಮುಖ ನೋಡಲು ನನಗೆ ಆಗುತ್ತಿಲ್ಲ.

ಇನ್ನೊಂದು. ಜೂನ್‌ನಲ್ಲಿ ಕಾಗದ ಮುಗಿದಿತ್ತು ಎಂದು ಬರೆದದ್ದು ಸುಳ್ಳು. ಏಳನೇ ಚಿತ್ರವನ್ನು ಬೇಕೆಂದೇ ಕಳಿಸಿರಲಿಲ್ಲ. ಈಗ ಕಳಿಸುತ್ತಿದ್ದೇನೆ. ಅದರಲ್ಲಿರುವುದು ನೀವು. ಅಡುಗೆಮನೆಯ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದೀರಿ, ಕೈಯಲ್ಲಿ ಇನ್ನೂ ಚಮಚ ಇದೆ. ಇಡೀ ಸುರುಳಿಯಲ್ಲಿ ಸ್ಪಷ್ಟವಾಗಿ ಬಂದದ್ದು ಅದೊಂದೇ. ಚಿತ್ರಗಳನ್ನು ತೆಗೆದದ್ದು ನಾನೇ ಎಂದು ನೀವು ಬರೆದಾಗ ನನಗೆ ಆಗಲೇ ಗೊತ್ತಿತ್ತು, ಮಲಗಿದವಳು ತನ್ನ ಚಿತ್ರ ತೆಗೆಯಲಾರಳು.

ಆ ಮುಖವನ್ನೊಮ್ಮೆ ನೋಡಿ. ಒಬ್ಬಳು ಮೂರು ಜನರ ಕೆಲಸ ಎಷ್ಟು ದಿನ ಮಾಡಬಲ್ಲಳು? ದೀಪಸ್ತಂಭದ ಇಲಾಖೆಗೆ ನಾನು ಬರೆಯುವುದಿಲ್ಲ. ನೀವೇ ಬರೆಯಿರಿ.

ಮರ್ವಿನ್ ಟೆಗ್

*

ಹ್ಯಾಲೊರನ್ ದ್ವೀಪ
ಅಕ್ಟೋಬರ್ 2, 1956

ಶ್ರೀ ಟೆಗ್ ಅವರಿಗೆ,

ನಂಬಿ ಬರೆದದ್ದು ನನ್ನ ತಪ್ಪು. ಒಬ್ಬ ಹೆಂಗಸು ನಿದ್ದೆ ಮಾಡುತ್ತಿರುವ ಚಿತ್ರವನ್ನು ಅಪರಿಚಿತನೊಬ್ಬ ಮೂರು ತಿಂಗಳು ಇಟ್ಟುಕೊಂಡು ಕೂರುವುದು ಸಭ್ಯತೆಯಲ್ಲ. ಅದನ್ನು ಒಲೆಗೆ ಹಾಕಿದೆ.

ಹದಿನೇಳು ವರ್ಷದಲ್ಲಿ ಈ ದೀಪ ಒಂದು ದಿನವೂ ತಪ್ಪಿಲ್ಲ. ನಿಮ್ಮ ಪುಡಿಗಳನ್ನೂ ಉಷ್ಣಮಾಪಕವನ್ನೂ ಈ ದೋಣಿಯಲ್ಲೇ ವಾಪಸ್ ಕಳಿಸಿದ್ದೇನೆ. ಡಬ್ಬಿಯನ್ನು ಆಲ್ಬನ್ ಕೊಡಲಿಲ್ಲ.

ಐಲ್ಸಾ ಫರ್ನೆಲ್

*

ಲಾನ್ಸೆಸ್ಟನ್
ನವೆಂಬರ್ 20, 1956

ಐಲ್ಸಾ ಅವರೇ,

ಮೂರು ದೋಣಿ ಬಂದು ಹೋದವು, ನಿಮ್ಮ ಸುದ್ದಿಯಿಲ್ಲ. ನೀವು ಮುನಿದಿದ್ದರೂ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ಕೆನ್ ಊಟಕ್ಕೆ ಬಂದಿದ್ದ. ಆಲೂಗಡ್ಡೆ ಬಡಿಸಿಕೊಳ್ಳುತ್ತ ಅಂದ, "ನಾಲ್ಕನೇ ತಾರೀಕು ಹ್ಯಾಲೊರನ್‌ನವರು ದೀಪ ಹಚ್ಚೋದೇ ಮರ್ತಿದ್ರು ಕಣೋ. ಏಳಕ್ಕೆ ಹತ್ತಬೇಕಾದ್ದು ಎಂಟಾಗ್ತಾ ಬಂದಾಗ ಹತ್ತಿತು. ನಾವು ಬಂಡೆ ಎಲ್ಲಿದೆ ಅಂತ ಗೊತ್ತಾಗ್ದೆ ಎಂಜಿನ್ ನಿಲ್ಸಿ ಕೂತಿದ್ವಿ. ಪುಣ್ಯಾತ್ಮರು ಚಹಾ ಕುಡೀತಿದ್ರೋ ಏನೋ!" ನಾರ್ಮಾ ನಕ್ಕಳು. ನನಗೆ ಗೊತ್ತಿದ್ದದ್ದನ್ನು ನಾನು ಹೇಳದೆ ಇದ್ದದ್ದು ಸರಿಯೋ ತಪ್ಪೋ ಇವತ್ತಿಗೂ ತಿಳಿಯುತ್ತಿಲ್ಲ.

ನಿಮಗೆ ಏನಾಯಿತು? ಅಷ್ಟು ಮಾತ್ರ ಬರೆಯಿರಿ.

ಆ ಚಿತ್ರ ಇಟ್ಟುಕೊಂಡದ್ದು ಸಭ್ಯತೆಯಲ್ಲ ಅಂದಿರಿ. ಮೂವತ್ತೊಂದು ವರ್ಷ ಬೇರೆಯವರ ಮದುವೆ, ಮಗು, ನಾಯಿ ತೊಳೆದಿದ್ದೇನೆ. ಎಲ್ಲರೂ ಕ್ಯಾಮೆರಾ ಕಂಡು ನಗುವವರೇ. ದಣಿದ ಮುಖ ಒಂದು ಬಂದಾಗ ಲಕೋಟೆಗೆ ಹಾಕಿ ಕಳಿಸಲು ಕೈ ಬರಲಿಲ್ಲ, ಅಷ್ಟೇ. ಕ್ರಿಸ್‌ಮಸ್‌ಗೆ ನಮ್ಮ ಕತ್ತಲೆಕೋಣೆ ಮುಚ್ಚುತ್ತಾರೆ. ಇನ್ನು ಮೇಲೆ ಬಣ್ಣದ ಫಿಲ್ಮ್ ಮಾತ್ರವಂತೆ, ಅದೂ ಮೆಲ್ಬರ್ನ್‌ನಲ್ಲಿ ತೊಳೆಯುತ್ತಾರಂತೆ. ಹೈಪೋ ತಿಂದ ನನ್ನ ಕೈ ಬಿರುಕು ಬಿಟ್ಟು ವರ್ಷಗಳೇ ಆದವು. ವೈದ್ಯರಿಗೆ ಖುಷಿಯಾಗಿದೆ.

ಮರ್ವಿನ್ ಟೆಗ್

*

ವಿನ್‌ಯಾರ್ಡ್
ಡಿಸೆಂಬರ್ 11, 1956

ಮರ್ವಿನ್ ಅವರೇ,

ವಿಳಾಸ ನೋಡಿ ನಿಮಗೆ ಅರ್ಧ ತಿಳಿದಿರುತ್ತದೆ. ನಾವು ದ್ವೀಪ ಬಿಟ್ಟೆವು. ನಿಮ್ಮ ಕಾಗದ ಅಲ್ಲಿಗೆ ಹೋಗಿ ಇಲ್ಲಿಗೆ ತಿರುಗಿ ಬಂತು. ಈಗ ಆಲ್ಬನ್‌ನ ಅಕ್ಕನ ಮನೆಯ ಹಿಂದಿನ ಎರಡು ಕೋಣೆಯಲ್ಲಿದ್ದೇವೆ.

ನವೆಂಬರ್ ನಾಲ್ಕರಂದು ಆದದ್ದನ್ನು ಬರೆಯುತ್ತೇನೆ. ನಾಲ್ಕು ಗಂಟೆಗೆ ಆಲೂಗಡ್ಡೆ ಹೆರೆಯಲು ಕೂತೆ. ಮುಂದಿನದು ನೆನಪಿಲ್ಲ. ಆಲ್ಬನ್ ಹೊರಗೆ ಕೋಳಿಗಳ ಹತ್ತಿರ ಇದ್ದ. ಮುಖದ ಮೇಲಿನ ಬಿಸಿಲು ಹೋಯಿತು, ಗಾಳಿ ತಣ್ಣಗಾಯಿತು, ಕಬ್ಬಿಣದ ಮೆಟ್ಟಿಲ ಮೇಲೆ ನನ್ನ ಬೂಟಿನ ಸದ್ದು ಕೇಳಲಿಲ್ಲ. ಒಳಗೆ ಬಂದು ತಲೆ ಮುಟ್ಟಿದನಂತೆ, ಹೆಸರು ಹಿಡಿದು ಕರೆದನಂತೆ. ನಾನು ಏಳಲಿಲ್ಲ. ಆಮೇಲೆ ಅವನೇ ಎಬ್ಬಿಸುವುದನ್ನು ಬಿಟ್ಟು ಒಬ್ಬನೇ ತೊಂಬತ್ತನಾಲ್ಕು ಮೆಟ್ಟಿಲು ಹತ್ತಿದ.

ನಮ್ಮದು ಸೀಮೆಎಣ್ಣೆಯ ಆವಿಯಲ್ಲಿ ಉರಿಯುವ ದೀಪ. ಮೊದಲು ಸ್ಪಿರಿಟ್ ಹಚ್ಚಿ ಬರ್ನರ್ ಕಾಯಿಸಬೇಕು. ಸ್ಪಿರಿಟ್ ಅಳತೆ ತಪ್ಪಿ ತೋಳಿನ ಮೇಲೆ ಚೆಲ್ಲಿತು, ಬೆಂಕಿ ಹತ್ತಿತು. ಗಾಜು ಒರೆಸುವ ಬಟ್ಟೆಯಲ್ಲಿ ತೋಳು ಸುತ್ತಿ ಆರಿಸಿ, ಮತ್ತೆ ಸ್ಪಿರಿಟ್ ತುಂಬಿ, ಮತ್ತೆ ಹಚ್ಚಿದ್ದಾನೆ. ನಾನು ಎದ್ದದ್ದು ಸುಟ್ಟ ಉಣ್ಣೆಯ ವಾಸನೆಗೆ. ಎದುರಿಗೆ ಅವನು ನಿಂತಿದ್ದ.

"ದೀಪ ಹತ್ತಿದೆ. ಐವತ್ತು ನಿಮಿಷ ತಡ. ದೀಪದ ದಾಖಲೆ ಪುಸ್ತಕದಲ್ಲಿ ಹಾಗೇ ಬರಿ."

"ಬರೆಯಲ್ಲ. ಮೊದ್ಲು ಕೈ ತೋರ್ಸು."

"ಮೊದ್ಲು ಬರಿ ಐಲ್ಸಾ. ಆ ಪುಸ್ತಕದಲ್ಲಿ ನಾನು ಯಾವತ್ತೂ ಸುಳ್ಳು ಬರೆದಿಲ್ಲ."

"ಫೆಬ್ರವರಿಯಿಂದ ಇರೋದೆಲ್ಲ ಸುಳ್ಳೇ ಅಲ್ವೇನೋ? ನಿನ್ನ ಹೆಸರು, ನನ್ನ ಪಾಳಿ!"

ಅವನು ಕುರ್ಚಿ ತಡವಿಕೊಂಡು ಕೂತ. ನಾನು ಬರೆದೆ.

ಬೆಳಿಗ್ಗೆ ರೇಡಿಯೋ ಹೊತ್ತಿಗೆ ಅವನೇ ಮೈಕು ತೆಗೆದುಕೊಂಡ. "ಹ್ಯಾಲೊರನ್‌ನಿಂದ ಫರ್ನೆಲ್. ನನಗೆ ಕಣ್ಣು ಕಾಣ್ತಿಲ್ಲ. ಫೆಬ್ರವರಿಯಿಂದ ದೀಪ ಹಚ್ತಿರೋದು ನನ್ನ ಹೆಂಡ್ತಿ." ಆ ಕಡೆ ಗರಗರ ಸದ್ದು. "ಕೇಳಿಸ್ತಿಲ್ಲ ಹ್ಯಾಲೊರನ್, ಇನ್ನೊಂದ್ಸಲ ಹೇಳಿ" ಅಂದರು. ಎರಡನೇ ಸಲ ಅವನು ಅದನ್ನೇ ಕೂಗಿ ಹೇಳಬೇಕಾಯಿತು. ಸುತ್ತಲಿನ ದೀಪಸ್ತಂಭದವರೆಲ್ಲ ಕೇಳಿಸಿಕೊಂಡಿರುತ್ತಾರೆ. ಮೊದಲನೇ ಸಲ ನಾನು ಸಹಿಸಿದೆ. ಎರಡನೇ ಸಲಕ್ಕೆ ಎದ್ದು ಕೋಳಿಗೂಡಿಗೆ ಹೋದೆ.

ಹೊಸಬರು ಒಂಬತ್ತು ದಿನಕ್ಕೆ ಬಂದರು. ದೋಣಿ ಹತ್ತುವ ಮುಂಚಿನ ದಿನ ನಾನು ಒಂದು ಸುರುಳಿ ಪೂರ್ತಿ ತೆಗೆದೆ. ಬಿಸಿಲಿತ್ತು, ಅಪರ್ಚರ್ ಹನ್ನೊಂದು, ನೂರನೇ ಒಂದು ಸೆಕೆಂಡ್. ದೂರವನ್ನು ಹೆಜ್ಜೆಯಲ್ಲಿ ಅಳೆದು ಇಟ್ಟೆ. ಆಲ್ಬನ್ ಒಂದು ಕೈಗೆ ಕಟ್ಟು ಇದ್ದರೂ ಉಗ್ರಾಣದಲ್ಲಿ ಫಿಲ್ಮನ್ನು ಚಕ್ರಕ್ಕೆ ಏರಿಸಿಕೊಟ್ಟ. ನಿಮ್ಮ ಪುಡಿಗಳನ್ನು ಕೋಪದಲ್ಲಿ ವಾಪಸ್ ಕಳಿಸಿದ್ದೆನಲ್ಲ, ಹೊಸ ಕಾವಲುಗಾರನಿಗೂ ಈ ಹುಚ್ಚು ಇತ್ತು, ಅವನ ಡೆವಲಪರ್, ಹೈಪೋ ಕೇಳಿ ಪಡೆದೆ. ಡಬ್ಬಿಯನ್ನು ಬಂಡೆಯ ಸಂದಿಗೆ ಒಯ್ದು ಕಡಲ ನೀರಿನಲ್ಲಿ ತೊಳೆದೆ. ಎಂಟರಲ್ಲಿ ಆರು ಬಂದಿವೆ, ಎರಡು ತೆಳುವಾಗಿವೆ. ನೆಗೆಟಿವ್ ಕಳಿಸಿದ್ದೇನೆ. ನಿಮ್ಮ ಕೋಣೆ ಮುಚ್ಚುವ ಮೊದಲು ಆದರೆ ಪ್ರಿಂಟ್ ಹಾಕಿ. ಇಷ್ಟ ಬಂದಷ್ಟು ಬಯ್ಯಿರಿ, ಇದ್ದ ಹಾಗೇ ಓದಿ ಹೇಳುತ್ತೇನೆ.

ಕಣ್ಣಿನ ವೈದ್ಯರು ನೋಡಿದರು. ಹೋದದ್ದು ಬರುವುದಿಲ್ಲವಂತೆ, ಉಳಿದ ಚೂರನ್ನು ಕಾಪಾಡಲು ಹನಿ ಕೊಟ್ಟಿದ್ದಾರೆ. ನಾನು ಹೆದರಿದ್ದ ಹಾಗೇ ಆಗಿದೆ. ಇಲ್ಲಿ ಅವನು ಗೇಟಿಗೆ ಎರಡು ಸಲ ಡಿಕ್ಕಿ ಹೊಡೆದ. ಅವನ ಅಕ್ಕ "ಅಯ್ಯೋ ಪಾಪ" ಅಂದಾಗಲೆಲ್ಲ ಅವನ ದವಡೆ ಬಿಗಿಯುತ್ತದೆ. ಮಾತು ಕಡಿಮೆಯಾಗಿದೆ. ನನ್ನ ಮೇಲೆ ಕೋಪವಿದೆಯೋ, ತನ್ನ ಮೇಲೋ, ನಾನು ಕೇಳಿಲ್ಲ. ನಿಮ್ಮ ಕೆನ್‌ಗೆ ಎಲ್ಲ ಹೇಳಿಬಿಡಿ. ಎಂಜಿನ್ ನಿಲ್ಲಿಸಿ ಕೂತಿದ್ದಕ್ಕೆ ನನ್ನ ಕೃತಜ್ಞತೆಯನ್ನೂ ಹೇಳಿ.

ನಾನು ಮಲಗುತ್ತಿದ್ದೇನೆ. ಬೇರೇನೂ ಮಾಡುತ್ತಿಲ್ಲ. ತಿಂಡಿ ತಿಂದು ಮಲಗುತ್ತೇನೆ, ಎದ್ದು ಮುಖ ತೊಳೆದು ಮತ್ತೆ ಮಲಗುತ್ತೇನೆ. ನಿನ್ನೆ ಮಧ್ಯಾಹ್ನ ಒರಗಿದವಳು ಕಣ್ಣು ಬಿಟ್ಟಾಗ ಕೋಣೆ ಕತ್ತಲಾಗಿತ್ತು. ಗಾಬರಿಯಿಂದ ಎದ್ದು ಬೂಟು ಹುಡುಕಿದೆ. ಆಲ್ಬನ್ ಮಂಚದ ತುದಿಯಲ್ಲಿ ಕೂತಿದ್ದ. "ಮಲಗು" ಅಂದ. ಹದಿನೇಳು ವರ್ಷದಲ್ಲಿ ಮೊದಲ ಸಲ, ಸೂರ್ಯ ಮುಳುಗಿದ್ದು ನನಗೆ ಗೊತ್ತಾಗದಿದ್ದರೂ ಏನೂ ತಪ್ಪಿರಲಿಲ್ಲ.

ಐಲ್ಸಾ